ಸಣ್ಣ ರೀಫ್ ಟ್ಯಾಂಕಿಗೆ ಕೈಗೆಟುಕುವ ಪ್ರೋಟೀನ್ ಸ್ಕಿಮ್ಮರ್: ಆರಿಸುವುದರಿಂದ ಹೊಂದಿಸುವವರೆಗೆ

ಹವಳ, ಮೀನು ಇಡುವ ಉಪ್ಪುನೀರಿನ ಟ್ಯಾಂಕಿಗೆ ರೀಫ್ ಟ್ಯಾಂಕ್ ಎನ್ನುತ್ತಾರೆ. ಅದರ ನೀರಿನ ಕೊಳೆಯನ್ನು ನೊರೆಯಾಗಿ ಎಬ್ಬಿಸಿ, ಕೊಳವೆಯ ಕುತ್ತಿಗೆ ದಾಟಿಸಿ, ಮೇಲಿನ ಬಟ್ಟಲಿಗೆ ಹಾಕುವ ಯಂತ್ರವೇ ಪ್ರೋಟೀನ್ ಸ್ಕಿಮ್ಮರ್. ಅದರ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಸಂಖ್ಯೆ ಇರುತ್ತದೆ. 300 ಲೀಟರ್‌ವರೆಗೆ, 500 ಲೀಟರ್‌ವರೆಗೆ, ಹೀಗೆ. ಮೊದಲ ಸಲ ಕೊಳ್ಳುವವರು ಆ ಸಂಖ್ಯೆಯನ್ನೂ ಬೆಲೆಯನ್ನೂ ನೋಡಿ ದುಡ್ಡು ಕೊಟ್ಟುಬಿಡುತ್ತಾರೆ. ಬೆಂಗಳೂರಿನ ನಮ್ಮ ಮನೆಯ 96 ಲೀಟರಿನ ಟ್ಯಾಂಕಿಗೆ ನಾನು ಮೊದಲು ತಂದದ್ದು 400 ಲೀಟರ್ ಎಂದು ಬರೆದಿದ್ದ ಸ್ಕಿಮ್ಮರ್. ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ. ಟ್ಯಾಂಕಿನಲ್ಲಿ ಇದ್ದದ್ದು ಎರಡು ಕ್ಲೌನ್ ಮೀನು, ಒಂದು ಗೋಬಿ. ಅಷ್ಟು ಅಗಲದ ಕೊಳವೆಯಲ್ಲಿ ನೊರೆ ಕಟ್ಟಿ ನಿಲ್ಲಬೇಕಾದರೆ ಈ ಮೂರು ಮೀನಿನ ಕೊಳೆ ಸಾಲುವುದಿಲ್ಲ. ನೊರೆ ಕುತ್ತಿಗೆಯವರೆಗೆ ಏರುವುದು, ಒಡೆದು ಇಳಿಯುವುದು, ಮತ್ತೆ ಏರುವುದು. ಮೂರು ತಿಂಗಳು ಇದೇ ಆಯಿತು. ಕೊನೆಗೆ ಅದನ್ನು ಮಾರಿ, ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಬಳಸಿದ ಸಣ್ಣ ಸ್ಕಿಮ್ಮರ್ ತಂದೆ. ಒಂದೇ ವಾರದಲ್ಲಿ ಅದರ ಬಟ್ಟಲು ತುಂಬತೊಡಗಿತು.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ. ನಿಮ್ಮ ಟ್ಯಾಂಕಿನ ಕೊಳೆಗೆ ತಕ್ಕ ಸ್ಕಿಮ್ಮರ್ ತನ್ನಿ, ಡಬ್ಬದ ಸಂಖ್ಯೆಗೆ ತಕ್ಕದ್ದಲ್ಲ. ಹಾಗೆ ಆರಿಸಿದರೆ ಖರ್ಚೂ ಕಡಿಮೆಯಾಗುತ್ತದೆ. ಇಲ್ಲಿ ಬರೆದಿರುವುದು 40ರಿಂದ 150 ಲೀಟರ್ ನಡುವಿನ, ಮನೆಯಲ್ಲಿ ಇಡುವ ಹವಳದ ಟ್ಯಾಂಕುಗಳಿಗೆ.

ಮೊದಲು, ನೊರೆಯ ಬಗ್ಗೆ ಸ್ವಲ್ಪ

ಮಳೆಗಾಲದಲ್ಲಿ ಮಲ್ಪೆ ಅಥವಾ ಕಾರವಾರದ ಕಡಲತೀರದಲ್ಲಿ ನಿಂತವರು ನೋಡಿರುತ್ತೀರಿ. ಅಲೆ ಹಿಂದೆ ಸರಿದ ಮೇಲೆ ಮರಳಿನ ಮೇಲೆ ಹಳದಿ ಮಿಶ್ರಿತ ನೊರೆ ಉಳಿಯುತ್ತದೆ. ಪಾಚಿ ಮತ್ತು ಸತ್ತ ಜೀವಿಗಳಿಂದ ನೀರಿಗೆ ಸೇರಿದ ಪ್ರೋಟೀನಿನಂಥ ಪದಾರ್ಥಗಳು ಗಾಳಿಗುಳ್ಳೆಗೆ ಅಂಟಿಕೊಂಡು ಹೀಗೆ ಮೇಲೆ ಬರುತ್ತವೆ. ಅವುಗಳ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ನೀರು ಬೇಡ. ಗುಳ್ಳೆ ಸಿಕ್ಕರೆ ನೀರು ಬೇಡದ ತುದಿ ಗಾಳಿಯ ಕಡೆ ತಿರುಗಿ ಅಂಟಿಕೊಳ್ಳುತ್ತದೆ. ಸ್ಕಿಮ್ಮರ್ ಮಾಡುವುದೂ ಇದನ್ನೇ. ಒಂದು ಕೊಳವೆಯೊಳಗೆ ಲಕ್ಷಗಟ್ಟಲೆ ಸಣ್ಣ ಗುಳ್ಳೆ ಎಬ್ಬಿಸಿ, ಕೊಳೆ ಹೊತ್ತ ನೊರೆಯನ್ನು ಕುತ್ತಿಗೆಯ ಮೂಲಕ ಮೇಲಿನ ಬಟ್ಟಲಿಗೆ ತಳ್ಳುತ್ತದೆ.

ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬಂದ ಕೊಳೆಯನ್ನು ಆಗಲೇ ತೆಗೆದುಬಿಡುತ್ತಾರೆ. ಬಿಟ್ಟರೆ ಅದು ಬೆಲ್ಲದಲ್ಲೇ ಸೇರಿಹೋಗುತ್ತದೆ. ಇಲ್ಲೂ ಹಾಗೇ. ಮೀನಿನ ಹಿಕ್ಕೆ, ಉಳಿದ ಆಹಾರ, ಹವಳ ಬಿಡುವ ಲೋಳೆ ಕೊಳೆತು ಅಮೋನಿಯಾ ಆಗಿ, ಅದು ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುತ್ತದೆ. ಆ ದಾರಿ ಶುರುವಾಗುವ ಮೊದಲೇ ಒಂದಷ್ಟನ್ನು ಹೊರಗೆ ಹಾಕುವುದು ಸ್ಕಿಮ್ಮರ್‌ನ ಕೆಲಸ. ಈಗಾಗಲೇ ನೈಟ್ರೇಟ್ ಆಗಿಹೋದದ್ದನ್ನು, ನೀರಿನಲ್ಲಿ ಕರಗಿ ಕೂತ ಫಾಸ್ಫೇಟನ್ನು ಅದು ತೆಗೆಯುವುದಿಲ್ಲ. ಅದಕ್ಕೆ ನೀರು ಬದಲಿಸಬೇಕು, ಇಲ್ಲವೇ ಬೇರೆ ದಾರಿ ನೋಡಬೇಕು.

ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದು ಕಡಿಮೆ. ಹಾಗಾಗಿ ನೀರು ಹಾಲಿನಂತೆ ಬೆಳ್ಳಗೆ ಕಾಣುತ್ತದೆ. ಸಿಹಿನೀರಿನ ಟ್ಯಾಂಕಿನಲ್ಲಿ ಮನೆ ಮಟ್ಟದ ಸ್ಕಿಮ್ಮರ್ ಕೆಲಸಕ್ಕೆ ಬಾರದಿರುವುದಕ್ಕೆ ಮುಖ್ಯ ಕಾರಣ ಇದೇ.

ಇನ್ನೊಂದು ಲಾಭ ಇದೆ. ಅಷ್ಟು ಗಾಳಿ ನೀರಿನೊಂದಿಗೆ ಬೆರೆಯುವುದರಿಂದ ಆಮ್ಲಜನಕ ಚೆನ್ನಾಗಿ ಸೇರುತ್ತದೆ. ರಾತ್ರಿ ದೀಪ ಆರಿದ ಮೇಲೆ ಪಾಚಿ, ಹವಳ, ಮೀನು ಎಲ್ಲವೂ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ. ಸಣ್ಣ ಟ್ಯಾಂಕಿಗೆ ಇದೇ ಎಷ್ಟೋ ಸಲ ದೊಡ್ಡ ಉಪಕಾರ.

ಅತಿ ನಿರೀಕ್ಷೆ ಬೇಡ ಎಂಬುದಕ್ಕೆ ಒಂದು ಲೆಕ್ಕವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕ ಕೆನ್ ಫೆಲ್ಡ್‌ಮನ್ ಮತ್ತು ಜೊತೆಗಾರರು 2009ರ ಸುಮಾರಿಗೆ ಬೇರೆ ಬೇರೆ ಸ್ಕಿಮ್ಮರ್‌ಗಳನ್ನು ಅಳೆದು ನೋಡಿದರು. ನೀರಿನಲ್ಲಿದ್ದ ಒಟ್ಟು ಸಾವಯವ ಇಂಗಾಲದಲ್ಲಿ (ಕೊಳೆಯನ್ನು ಅಳೆಯುವ ಒಂದು ಲೆಕ್ಕ) ಅವು ತೆಗೆದದ್ದು ಸುಮಾರು ಶೇಕಡಾ 20ರಿಂದ 35ರಷ್ಟು. ದುಬಾರಿ ಮಾಡೆಲ್‌ಗೂ ಸಾಧಾರಣ ಮಾಡೆಲ್‌ಗೂ ಅಜಗಜಾಂತರ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ಬಜೆಟ್ಟಿನವರಿಗೆ ಇದು ಒಳ್ಳೆಯ ಸುದ್ದಿ.

ಹಂತ 1: ನಿಮಗೆ ಸ್ಕಿಮ್ಮರ್ ಬೇಕೇ ಬೇಕಾ?

40 ಲೀಟರಿಗಿಂತ ಸಣ್ಣ ಟ್ಯಾಂಕಿಗೆ ಬೇಡ ಎಂದೇ ನನ್ನ ಸಲಹೆ. 30 ಲೀಟರಿನಲ್ಲಿ ವಾರಕ್ಕೆ ಶೇಕಡಾ 15 ನೀರು ಬದಲಿಸುವುದೆಂದರೆ ನಾಲ್ಕೂವರೆ ಲೀಟರ್. ಒಂದು ಸಣ್ಣ ಬಕೆಟ್ ಕೂಡ ತುಂಬುವುದಿಲ್ಲ. ಹತ್ತು ನಿಮಿಷದ ಕೆಲಸ. ಅದು ಕೊಳೆಯನ್ನೂ ತೆಗೆಯುತ್ತದೆ, ನೈಟ್ರೇಟನ್ನೂ ತೆಗೆಯುತ್ತದೆ, ಹವಳ ಬಳಸಿ ಮುಗಿಸಿದ ಕ್ಯಾಲ್ಸಿಯಂ ಮುಂತಾದವನ್ನು ಮತ್ತೆ ತುಂಬುತ್ತದೆ. ಸ್ಕಿಮ್ಮರ್‌ನಿಂದ ಕೊನೆಯ ಎರಡು ಆಗುವುದಿಲ್ಲ.

ಯಾವ ಹವಳ ಇಡುತ್ತೀರಿ ಎಂಬುದೂ ಮುಖ್ಯ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆ, ಬೆಂಕಿ ಹವಳ, ಆರ್ಗನ್ ಪೈಪ್ ಹವಳಗಳಿಗೆ ರಕ್ಷಣೆ ಇದೆ. ನೇತ್ರಾಣಿಯ ಸುತ್ತಲಿನ ಕಡಲಲ್ಲಿ ಕಾಣುವ ಹವಳ ಅಲ್ಲೇ ಇರಬೇಕು, ನಮ್ಮ ಹಾಲ್‌ಗೆ ಬರಬಾರದು. ಯಾರಾದರೂ ಸಮುದ್ರದಿಂದ ತೆಗೆದ ಹವಳ ಕೊಡುತ್ತೇನೆ ಎಂದರೆ ದಯವಿಟ್ಟು ತೆಗೆದುಕೊಳ್ಳಬೇಡಿ. ನಮ್ಮ ಹವ್ಯಾಸಿಗಳ ಸಣ್ಣ ಟ್ಯಾಂಕುಗಳಲ್ಲಿ ಜೋಆಂಥಿಡ್, ಮಶ್ರೂಮ್‌ನಂಥ ಮೆತ್ತನೆಯ ಜಾತಿಗಳೇ ಹೆಚ್ಚು. ಇವು ಸ್ವಲ್ಪ ಪೋಷಕಾಂಶ ಇರುವ ನೀರಿನಲ್ಲೇ ಚೆನ್ನಾಗಿ ಅರಳುತ್ತವೆ. ನೈಟ್ರೇಟ್ ಮತ್ತು ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದರೆ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ ಮುತ್ತುವ ಭಯ ಇದೆ. ಅದನ್ನು ಓಡಿಸುವುದು ಬಹಳ ಕಷ್ಟ. ಅಂದರೆ ಇಂಥ ಟ್ಯಾಂಕಿಗೆ ನೀರನ್ನು ಗಾಜಿನಂತೆ ತೊಳೆದಿಡುವ ಯಂತ್ರ ಬೇಡ, ಸಾಧಾರಣದ್ದು ಸಾಕು.

ಹಾಗಾದರೆ ಯಾರಿಗೆ ಬೇಕು? 60 ಲೀಟರ್ ದಾಟಿದ ಟ್ಯಾಂಕಿನಲ್ಲಿ ಮೂರಕ್ಕಿಂತ ಹೆಚ್ಚು ಮೀನು ಇದ್ದರೆ ಬೇಕು. ದಿನಕ್ಕೆ ಎರಡು ಮೂರು ಸಲ ಆಹಾರ ಹಾಕುವವರಿಗೆ ಬೇಕು. ಕೆಲಸದ ಮೇಲೆ ಊರೂರು ತಿರುಗುತ್ತಾ ನೀರು ಬದಲಿಸುವುದನ್ನು ಆಗಾಗ ತಪ್ಪಿಸುವವರಿಗಂತೂ ಖಂಡಿತ ಬೇಕು. ನೀರಿಗೆ ಇಂಗಾಲದ ದ್ರಾವಣ ಹಾಕಿ ಬ್ಯಾಕ್ಟೀರಿಯಾ ಬೆಳೆಸುವ ಪದ್ಧತಿಯವರು ಸ್ಕಿಮ್ಮರ್ ಇಲ್ಲದೆ ಅದಕ್ಕೆ ಕೈ ಹಾಕಲೇಬಾರದು. ಬ್ಯಾಕ್ಟೀರಿಯಾ ಆಮ್ಲಜನಕವನ್ನು ತಿಂದುಹಾಕುತ್ತವೆ.

ಹಂತ 2: ನೀರಿನ ಲೆಕ್ಕ, ಕೊಳೆಯ ಲೆಕ್ಕ

ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿ. ನನ್ನದು 60, 40, 40. ಅಂದರೆ 96 ಲೀಟರ್. ಆದರೆ ಮೇಲೆ ನಾಲ್ಕು ಸೆಂಟಿಮೀಟರ್ ಖಾಲಿ ಇದೆ. ಕಲ್ಲು, ಮರಳು ಜಾಗ ಹಿಡಿದಿವೆ. ನಿಜವಾಗಿ ಇರುವ ನೀರು 75 ಲೀಟರಿನ ಆಸುಪಾಸು. ಸ್ಕಿಮ್ಮರ್ ನೋಡುವಾಗ ಈ ಎರಡನೇ ಅಂಕಿಯನ್ನೇ ಹಿಡಿಯಿರಿ.

ಇನ್ನು ಡಬ್ಬದ ಸಂಖ್ಯೆ. ಅದನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆಗೋಲು ಇಲ್ಲ. ಒಬ್ಬರು ನಾಲ್ಕು ಮೀನಿನ ಲೆಕ್ಕದಲ್ಲಿ ಬರೆದರೆ ಇನ್ನೊಬ್ಬರು ಟ್ಯಾಂಕ್ ತುಂಬ ಮೀನು ಇರುವ ಲೆಕ್ಕದಲ್ಲಿ ಬರೆಯುತ್ತಾರೆ. ಕೆಲವರು ಕಡಿಮೆ ಹೊರೆ, ಹೆಚ್ಚು ಹೊರೆ ಎಂದು ಎರಡು ಅಂಕಿ ಕೊಡುತ್ತಾರೆ. ಹಾಗೆ ಕೊಟ್ಟಿದ್ದರೆ ಹೆಚ್ಚು ಹೊರೆಯ ಅಂಕಿಯನ್ನು ನಂಬಿ. ಒಂದೇ ಅಂಕಿ ಇದ್ದರೆ ನಾನು ಹೀಗೆ ಮಾಡುತ್ತೇನೆ: ಮೀನು ಕಡಿಮೆ ಇದ್ದರೆ ನಿಜವಾದ ನೀರಿನ ಒಂದೂವರೆ ಪಟ್ಟು, ಮೀನು ಜಾಸ್ತಿ ಇದ್ದರೆ ಎರಡು ಪಟ್ಟು ಬರೆದಿರುವ ಸ್ಕಿಮ್ಮರ್ ನೋಡುತ್ತೇನೆ. 75 ಲೀಟರಿಗೆ 110ರಿಂದ 150. ಅದಕ್ಕಿಂತ ಮೇಲೆ ಹೋಗುವುದಿಲ್ಲ. ಇದು ನಿಯಮ ಅಲ್ಲ, ನನಗೂ ಗೆಳೆಯರಿಗೂ ಹೊಂದಿಬಂದ ಅಂದಾಜು.

ಮೇಲಕ್ಕೆ ಹೋಗಬಾರದು ಏಕೆ? ನೊರೆ ಬಟ್ಟಲಿಗೆ ಏರಬೇಕಾದರೆ ಕುತ್ತಿಗೆ ತುಂಬುವಷ್ಟು ಕೊಳೆ ಅದರಲ್ಲಿ ಇರಬೇಕು. ಕೊಳೆಯೇ ಗುಳ್ಳೆಯ ಗೋಡೆಗೆ ಬಲ. ಅದು ಕಡಿಮೆ ಇದ್ದರೆ ಗುಳ್ಳೆ ದಾರಿಯಲ್ಲೇ ಒಡೆಯುತ್ತದೆ. ಅಗಲ ಕುತ್ತಿಗೆಯ ದೊಡ್ಡ ಸ್ಕಿಮ್ಮರ್ ಸಣ್ಣ ಟ್ಯಾಂಕಿನಲ್ಲಿ ದಿನಕ್ಕೆ ಎರಡು ಗಂಟೆ ಮಾತ್ರ ಕೆಲಸ ಮಾಡಿ ಉಳಿದ ಹೊತ್ತು ಸುಮ್ನೆ ತಿರುಗುತ್ತಿರುತ್ತದೆ. 75 ಲೀಟರಿಗೆ ನಾಲ್ಕರಿಂದ ಐದು ಸೆಂಟಿಮೀಟರ್ ಅಗಲದ ಕುತ್ತಿಗೆ ಸಾಕೆಂದು ನನ್ನ ಅನುಭವ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸ್ಕೇಲ್ ಇಟ್ಟುಕೊಳ್ಳಿ.

ಹಂತ 3: ಎಲ್ಲಿ ಕೂರಿಸುತ್ತೀರಿ?

ಹಲವರು ಎಡವುವುದು ಇಲ್ಲೇ. ಇಷ್ಟವಾದದ್ದನ್ನು ಮೊದಲು ತಂದು, ಆಮೇಲೆ ಜಾಗ ಹುಡುಕುತ್ತಾರೆ. ಜಾಗವನ್ನು ಮೊದಲು ಅಳೆಯಿರಿ. ಬಟ್ಟಲನ್ನು ಮೇಲಕ್ಕೆ ಎತ್ತಿ ತೆಗೆಯಲು ಇನ್ನೂ ಹತ್ತು ಸೆಂಟಿಮೀಟರ್ ಬೇಕು ಎಂಬುದನ್ನು ಮರೆಯಬೇಡಿ.

ಟ್ಯಾಂಕಿನ ಹಿಂದೆ ನೇತುಹಾಕುವ ಬಗೆಯನ್ನು ಹ್ಯಾಂಗ್ ಆನ್ ಎನ್ನುತ್ತಾರೆ. ಸಂಪ್ ಇಲ್ಲದ ಸಾದಾ ಟ್ಯಾಂಕಿಗೆ ಇದೇ ಸುಲಭ. (ಸಂಪ್ ಎಂದರೆ ಇಲ್ಲಿ ಮನೆ ಮುಂದಿನ ನೆಲದಡಿಯ ತೊಟ್ಟಿ ಅಲ್ಲ, ಮೀನಿನ ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗೆ ಇಡುವ ಎರಡನೇ ಟ್ಯಾಂಕು.) ಬಬಲ್ ಮ್ಯಾಗಸ್ ಕಂಪನಿಯ ಕ್ಯೂಕ್ಯೂ ಸಾಲಿನವು, ರೀಫ್ ಆಕ್ಟೋಪಸ್‌ನ ಸಣ್ಣ ಹ್ಯಾಂಗ್ ಆನ್‌ಗಳು ಈ ಬಗೆಯವು. ಗೋಡೆಗೂ ಟ್ಯಾಂಕಿಗೂ ನಡುವೆ 10ರಿಂದ 15 ಸೆಂಟಿಮೀಟರ್ ಬಿಡಬೇಕಾಗುತ್ತದೆ. ಗಾಜಿನ ಅಂಚಿನ ದಪ್ಪ, ಮೇಲಿನ ಪಟ್ಟಿ ಅದರ ಕೊಕ್ಕೆಗೆ ಹೊಂದುತ್ತದೆಯೇ ನೋಡಿ. ಈ ಬಗೆಯ ದೊಡ್ಡ ಕೊರತೆ ಎಂದರೆ, ಸೋರಿದರೆ ಅಥವಾ ಉಕ್ಕಿದರೆ ನೀರು ನೇರ ನೆಲಕ್ಕೆ.

ಟ್ಯಾಂಕಿನ ಒಳಗೇ ಕೂರುವ ಬಗೆ ಇನ್ನೊಂದು. ಜರ್ಮನಿಯ ಟುಂಜೆ ಕಂಪನಿಯ 9001 ಇದರಲ್ಲಿ ಹೆಸರಾದದ್ದು. ಅಯಸ್ಕಾಂತದಿಂದ ಗಾಜಿಗೆ ಅಂಟಿ ನಿಲ್ಲುತ್ತದೆ, ನೀರಿನ ಮೇಲ್ಪದರವನ್ನೂ ಎಳೆದುಕೊಳ್ಳುತ್ತದೆ. ಕೊಳೆ ಮೊದಲು ಸೇರುವುದು ಆ ಮೇಲ್ಪದರದಲ್ಲೇ. ಹಾಗಾಗಿ ಸ್ಕಿಮ್ಮರ್ ಯಾವುದೇ ಇರಲಿ, ನೀರನ್ನು ಮೇಲ್ಪದರದಿಂದ ತೆಗೆದುಕೊಂಡರೆ ಹೆಚ್ಚು ಕೊಳೆ ಸಿಗುತ್ತದೆ. ಒಳಗೆ ಕೂರುವುದರಿಂದ ಉಕ್ಕಿದರೂ ನೀರು ಟ್ಯಾಂಕಿಗೇ ಬೀಳುತ್ತದೆ. ಬಾಡಿಗೆ ಮನೆಯಲ್ಲಿ, ಮರದ ನೆಲದ ಮೇಲೆ ಟ್ಯಾಂಕ್ ಇಟ್ಟವರಿಗೆ ಈ ನೆಮ್ಮದಿಯೇ ಬೆಲೆಬಾಳುತ್ತದೆ.

ಸಂಪ್ ಇದ್ದರೆ ಆಯ್ಕೆ ಜಾಸ್ತಿ, ಕೊಟ್ಟ ದುಡ್ಡಿಗೆ ಸಿಗುವ ಕೆಲಸವೂ ಜಾಸ್ತಿ. ಆದರೆ ಸಂಪಿನೊಳಗಿನ ಸ್ಕಿಮ್ಮರ್‌ಗೆ ನೀರಿನ ಆಳ ಒಂದೇ ಮಟ್ಟದಲ್ಲಿ ಇರಬೇಕು. ಕಂಪನಿ 15 ಸೆಂಟಿಮೀಟರ್ ಎಂದರೆ 15ರಲ್ಲೇ ಇಡಿ. ಹಿಂಬದಿಯಲ್ಲಿ ಕೋಣೆಗಳಿರುವ ಟ್ಯಾಂಕುಗಳಿಗೂ ಇದೇ ಮಾತು. ಒಂದು ಲೆಕ್ಕ ನೋಡಿ. ಹಿಂದಿನ ಕೋಣೆ 20 ಸೆಂಟಿಮೀಟರ್ ಉದ್ದ, 15 ಅಗಲ ಇದೆ ಅಂದುಕೊಳ್ಳಿ. ಟ್ಯಾಂಕಿನಿಂದ ದಿನಕ್ಕೆ ಒಂದು ಲೀಟರ್ ಆವಿಯಾದರೆ, ಆ ಕೊರತೆಯೆಲ್ಲ ಕೊನೆಯ ಕೋಣೆಯಲ್ಲೇ ಕಾಣುವುದರಿಂದ, ಅಲ್ಲಿ ಮಟ್ಟ ಮೂರು ಸೆಂಟಿಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿ ನೊರೆ ಕಟ್ಟುತ್ತಿದ್ದ ಸ್ಕಿಮ್ಮರ್ ರಾತ್ರಿ ಹೊತ್ತಿಗೆ ಸುಮ್ಮನಾಗಿರುತ್ತದೆ. ಅದನ್ನು ಕೆಟ್ಟಿದೆ ಎಂದು ವಾಪಸ್ ಕೊಟ್ಟವರನ್ನು ನಾನು ಬಲ್ಲೆ. ಸ್ಕಿಮ್ಮರನ್ನು ಮಟ್ಟ ಬದಲಾಗದ ಕೋಣೆಯಲ್ಲಿ ಇಡಿ. ಇಲ್ಲವೇ ಆವಿಯಾದ ನೀರನ್ನು ತಾನಾಗಿ ತುಂಬುವ ಸಣ್ಣ ಪಂಪ್ ಹಾಕಿಕೊಳ್ಳಿ. ಬಜೆಟ್ ಹಾಕುವಾಗ ಈ ಪಂಪಿನ ದುಡ್ಡನ್ನೂ ಸೇರಿಸಿ.

ಹಂತ 4: ಗುಳ್ಳೆ ಎಬ್ಬಿಸುವುದು ಹೇಗೆ?

ಅತಿ ಅಗ್ಗದ್ದು ಮರದ ಏರ್ ಸ್ಟೋನ್ ಬಗೆ. ಒಂದು ಕೊಳವೆ, ಅದರ ತಳದಲ್ಲಿ ಲೈಮ್‌ವುಡ್ ಎಂಬ ಮರದ ತುಂಡು, ಹೊರಗೆ ಒಂದು ಏರ್ ಪಂಪ್. ಮರದ ಸಣ್ಣ ರಂಧ್ರಗಳಿಂದ ಬರುವ ಗುಳ್ಳೆ ನಿಜಕ್ಕೂ ನವಿರಾಗಿರುತ್ತದೆ. ತಿರುಗುವ ಭಾಗ ಇಲ್ಲ, ಕೆಡುವುದು ಕಡಿಮೆ. ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ಮರದ ತುಂಡು ಮುಚ್ಚಿಹೋಗುತ್ತದೆ, ಬದಲಿಸಬೇಕು. ಏರ್ ಪಂಪಿನ ಗುಂಯ್ ಸದ್ದು ಮಲಗುವ ಕೋಣೆಗೆ ಆಗುವುದಿಲ್ಲ. 60 ಲೀಟರ್ ಒಳಗಿನ, ಎರಡು ಮೀನಿನ ಟ್ಯಾಂಕಿಗೆ ಇದು ಸಾಕು. ಈ ಬಗೆಯನ್ನು ಕೀಳಾಗಿ ನೋಡುವವರು ಇದ್ದಾರೆ, ನಾನು ಒಪ್ಪುವುದಿಲ್ಲ.

ಇನ್ನೊಂದು ವೆಂಚುರಿ ಬಗೆ. ಪಂಪ್ ನೀರನ್ನು ಕಿರಿದಾದ ಬಾಯಿಯಿಂದ ರಭಸವಾಗಿ ನುಗ್ಗಿಸುತ್ತದೆ, ಆ ಸೆಳೆತಕ್ಕೆ ಗಾಳಿ ಒಳಗೆ ಬರುತ್ತದೆ. ಹಳೆಯ ಅಗ್ಗದ ಮಾಡೆಲ್‌ಗಳಲ್ಲಿ ಇದೇ ಹೆಚ್ಚು. ಬಾಯಿಯಲ್ಲಿ ಉಪ್ಪು ಕಟ್ಟಿಕೊಂಡರೆ ಗಾಳಿ ನಿಲ್ಲುತ್ತದೆ.

ಈಗ ಎಲ್ಲರೂ ಹೇಳುವುದು ನೀಡಲ್ ವೀಲ್. ಪಂಪಿನ ಒಳಗಿನ ಚಕ್ರದಲ್ಲಿ ರೆಕ್ಕೆಯ ಬದಲು ಸೂಜಿಯಂಥ ಕಡ್ಡಿಗಳು ಇರುತ್ತವೆ. ಗಾಳಿ ಮತ್ತು ನೀರು ಒಟ್ಟಿಗೆ ಬಂದಾಗ ಅವು ಗಾಳಿಯನ್ನು ಕೊಚ್ಚಿ ಪುಡಿ ಮಾಡುತ್ತವೆ. ಕಡಿಮೆ ಕರೆಂಟಿನಲ್ಲಿ ಹೆಚ್ಚು ನೊರೆ. 75 ಲೀಟರಿನವರಿಗೆ ನನ್ನ ಮೊದಲ ಆಯ್ಕೆ ಇದೇ. ಒಂದೇ ಷರತ್ತು, ಆ ಚಕ್ರದ ಬಿಡಿಭಾಗ ಬೇರೆಯಾಗಿ ಸಿಗಬೇಕು.

ಹಂತ 5: ದುಡ್ಡು ಕೊಡುವ ಮೊದಲು

ಅಂಗಡಿಯಲ್ಲಿ ಓಡಿಸಿ ತೋರಿಸಿ ಎಂದು ಕೇಳಿ. ಉಪ್ಪುನೀರಿನಲ್ಲೇ ಓಡಿಸಬೇಕು. ಕೊಳವೆಯೊಳಗಿನ ನೀರು ಹಾಲಿನಂತೆ ಕಂಡರೆ ಒಳ್ಳೆಯದು. ಗೋಲಿ ಸೋಡಾದಂತೆ ದಪ್ಪ ಗುಳ್ಳೆ ಕಂಡರೆ ಬಿಟ್ಟುಬಿಡಿ. ಹೊರಗೆ ಹೋಗುವ ನೀರಿನಲ್ಲಿ ಗುಳ್ಳೆ ಎಷ್ಟು ಹೋಗುತ್ತಿದೆ ಎಂದೂ ನೋಡಿ. ಜಾಸ್ತಿ ಹೋಗುತ್ತಿದ್ದರೆ ನಾಳೆ ನಿಮ್ಮ ಟ್ಯಾಂಕಿನ ತುಂಬ ಅದೇ ಗುಳ್ಳೆ. ಬಟ್ಟಲನ್ನು ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು. ಕಷ್ಟವಾದರೆ ತೊಳೆಯುವುದನ್ನು ಮುಂದೂಡುತ್ತೀರಿ, ಆಮೇಲೆ ಅದು ಇದ್ದೂ ಇಲ್ಲದಂತೆ. ನೀರಿನ ಮಟ್ಟ ಅಥವಾ ಗಾಳಿಯನ್ನು ಹೊಂದಿಸುವ ತಿರುಪು ಒಂದಾದರೂ ಇರಲಿ.

ಅಮೆರಿಕದಲ್ಲಿರುವ ಅಣ್ಣನೋ ಗೆಳತಿಯೋ ಅಲ್ಲಿಂದ ಅಗ್ಗಕ್ಕೆ ತರುತ್ತೇನೆ ಎಂದರೆ ಸ್ವಲ್ಪ ತಡೆಯಿರಿ. ಅಲ್ಲಿನ ಕರೆಂಟ್ 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ನೇರ ಹಾಕಿದರೆ ಪಂಪ್ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಹರ್ಟ್ಜ್ ಮಾತ್ರ 50 ಆಗಿಯೇ ಉಳಿಯುತ್ತದೆ. ಇಂಥ ಎಸಿ ಪಂಪಿನ ಚಕ್ರ ಹರ್ಟ್ಜ್‌ಗೆ ತಕ್ಕಂತೆ ತಿರುಗುವುದರಿಂದ ವೇಗ ಆರನೇ ಒಂದು ಭಾಗ ಕಡಿಮೆಯಾಗುತ್ತದೆ, ನೊರೆಯೂ ಕುಗ್ಗುತ್ತದೆ. 100ರಿಂದ 240 ವೋಲ್ಟ್ ಎಂದು ಬರೆದ ಅಡಾಪ್ಟರ್ ಇರುವ ಡಿಸಿ ಪಂಪಿನದ್ದಾದರೆ ಈ ತೊಂದರೆ ಇಲ್ಲ.

ಬಳಸಿದ ಸ್ಕಿಮ್ಮರ್ ಕೊಳ್ಳುವುದನ್ನು ನಾನು ಮನಸಾರೆ ಹೇಳುತ್ತೇನೆ. ಸ್ಕಿಮ್ಮರ್‌ನ ಕೊಳವೆ ಹತ್ತು ವರ್ಷವಾದರೂ ಸವೆಯುವುದಿಲ್ಲ. ಸವೆಯುವುದು ಪಂಪ್ ಮತ್ತು ರಬ್ಬರ್ ಉಂಗುರ ಮಾತ್ರ. ಪಂಪ್ ಬಿಚ್ಚಿ ಚಕ್ರದ ಕಡ್ಡಿಗಳನ್ನು ಎಣಿಸಿ, ಮುರಿದಿದ್ದರೆ ಬೆಲೆ ಇಳಿಸಿ ಕೇಳಿ. ಅಂಟು ಹಾಕಿದ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಇನ್ನೊಂದು ಪ್ರಶ್ನೆ ತಪ್ಪದೇ ಕೇಳಿ: ಈ ಟ್ಯಾಂಕಿನಲ್ಲಿ ತಾಮ್ರ ಇರುವ ಔಷಧಿ ಬಳಸಿದ್ದರಾ? ತಾಮ್ರ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ. ಹೌದು ಎಂದರೆ ಎಷ್ಟೇ ಅಗ್ಗವಿದ್ದರೂ ಬೇಡ.

ಹಂತ 6: ದುಡ್ಡಿನ ಪೂರ್ತಿ ಲೆಕ್ಕ

ಸ್ಕಿಮ್ಮರ್ ಬೆಲೆ ಮೊದಲ ದಿನದ ಖರ್ಚು ಮಾತ್ರ. ಎಂಟು ವ್ಯಾಟ್ ಪಂಪ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ ಆರು ಯೂನಿಟ್‌ಗೆ ಸ್ವಲ್ಪ ಕಡಿಮೆ ಆಗುತ್ತದೆ. ಹದಿನೈದು ವ್ಯಾಟ್ ಆದರೆ ಹನ್ನೊಂದು ಯೂನಿಟ್ ಹತ್ತಿರ. ಇದು ದೊಡ್ಡದಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಚಕ್ರ ಬೇಕಾಗಬಹುದು.

ಇದಕ್ಕೆ ಎದುರಾಗಿ ಉಪ್ಪಿನ ಲೆಕ್ಕ ಇಡಿ. ಕೃತಕ ಸಮುದ್ರ ಉಪ್ಪು ಲೀಟರಿಗೆ ಸುಮಾರು 36 ಗ್ರಾಂ ಬೇಕು. ಸ್ಕಿಮ್ಮರ್ ಇಲ್ಲದ ಕಾರಣಕ್ಕೆ ವಾರಕ್ಕೆ ಹತ್ತು ಲೀಟರ್ ಹೆಚ್ಚು ನೀರು ಬದಲಿಸುತ್ತಿದ್ದರೆ ವರ್ಷಕ್ಕೆ ಸುಮಾರು 19 ಕಿಲೋ ಉಪ್ಪು ಹೆಚ್ಚು ಹೋಗುತ್ತದೆ. ಅದರ ಜೊತೆಗೆ 520 ಲೀಟರ್ ಆರ್‌ಒ ನೀರು. ನಿಮ್ಮ ಊರಿನ ಉಪ್ಪಿನ ದರ ಹಾಕಿ ಗುಣಿಸಿ ನೋಡಿ. ಆ ಮೊತ್ತವನ್ನೇ ಸ್ಕಿಮ್ಮರ್‌ಗೆ ನನ್ನ ಮಿತಿಯಾಗಿ ಇಟ್ಟುಕೊಂಡಿದ್ದೆ. ಒಂದು ವರ್ಷದ ಹೆಚ್ಚುವರಿ ಉಪ್ಪಿನ ಖರ್ಚನ್ನು ಮೀರಿದ ಸ್ಕಿಮ್ಮರ್ ಸಣ್ಣ ಟ್ಯಾಂಕಿಗೆ ದುಬಾರಿ ಎಂದೇ ನನ್ನ ಭಾವನೆ.

ಹಂತ 7: ಕೂರಿಸಿ, ಕಾಯಿರಿ

ಹೊಸದಾದರೆ ಮೊದಲು ಬಿಳಿ ವಿನೆಗರ್ ಮತ್ತು ಉಗುರುಬೆಚ್ಚಗಿನ ನೀರನ್ನು ಸಮ ಸಮ ಬೆರೆಸಿ ಒಂದು ಬಕೆಟ್‌ನಲ್ಲಿ ಒಂದೆರಡು ಗಂಟೆ ಓಡಿಸಿ, ಆಮೇಲೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಾರ್ಖಾನೆಯ ಎಣ್ಣೆಯ ಜಿಡ್ಡು ಪ್ಲಾಸ್ಟಿಕ್ ಮೇಲೆ ಇರುತ್ತದೆ, ಅದು ನೊರೆಯನ್ನು ಕೊಲ್ಲುತ್ತದೆ. ಸೋಪು ಮುಟ್ಟಿಸಬೇಡಿ.

ಸಂಪಿನದ್ದಾದರೆ ಕಂಪನಿ ಹೇಳಿದ ಆಳದಲ್ಲಿ ಇಡಿ. ಆಳ ಜಾಸ್ತಿ ಇದ್ದರೆ ಕೆಳಗೆ ಅಕ್ರಿಲಿಕ್ ತುಂಡು ಇಟ್ಟು ಎತ್ತರಿಸಿ. ಸ್ವಿಚ್ ಹಾಕಿ, ಕೊಳವೆಯೊಳಗೆ ನೊರೆ ಶುರುವಾಗುವ ಗೆರೆಯನ್ನು ನೋಡಿ. ನೀರು ಎಲ್ಲಿ ಮುಗಿದು ನೊರೆ ಎಲ್ಲಿ ಶುರು ಎಂಬುದು ಕಣ್ಣಿಗೆ ಕಾಣುತ್ತದೆ. ಆ ಗೆರೆ ಬಟ್ಟಲಿನ ಕುತ್ತಿಗೆಯ ಬುಡದಲ್ಲಿ ನಿಲ್ಲುವಂತೆ ತಿರುಪನ್ನು ಹೊಂದಿಸಿ. ಅಷ್ಟೇ. ಮೊದಲ ದಿನ ಇನ್ನೇನೂ ಮಾಡಬೇಡಿ.

ಮೊದಲ ಮೂರು ದಿನದಿಂದ ಎರಡು ವಾರದವರೆಗೆ ಸ್ಕಿಮ್ಮರ್ ಹುಚ್ಚುಹುಚ್ಚಾಗಿ ವರ್ತಿಸಬಹುದು. ಒಮ್ಮೆ ಉಕ್ಕುತ್ತದೆ, ಒಮ್ಮೆ ಏನೂ ಬರುವುದಿಲ್ಲ. ಒಳಗೋಡೆಗೆ ಜೀವಪದರ ಕಟ್ಟಿಕೊಳ್ಳುವವರೆಗೆ ಇದು ಸಹಜ. ಈ ದಿನಗಳಲ್ಲಿ ಗಂಟೆಗೊಮ್ಮೆ ತಿರುಪು ತಿರುಗಿಸುತ್ತಾ ಕೂತರೆ ಎಂದಿಗೂ ಹೊಂದುವುದಿಲ್ಲ. ದಿನಕ್ಕೆ ಒಂದೇ ಸಲ, ಕೂದಲೆಳೆಯಷ್ಟು ತಿರುಗಿಸಿ, ಮರುದಿನದವರೆಗೆ ಬಿಡಿ.

ಹದ ಬಂದದ್ದು ಗೊತ್ತಾಗುವುದು ಬಟ್ಟಲಿನ ಬಣ್ಣದಿಂದ. ಫಿಲ್ಟರ್ ಕಾಫಿಯ ಡಿಕಾಕ್ಷನ್‌ನಂತೆ ಗಾಢವಾಗಿದ್ದರೆ ಒಣ ನೊರೆ ಬರುತ್ತಿದೆ ಎಂದರ್ಥ. ತಿಳಿ ಚಹಾದಂತಿದ್ದರೆ ಒದ್ದೆ ನೊರೆ. ಒದ್ದೆ ನೊರೆಯಲ್ಲಿ ಹೆಚ್ಚು ಕೊಳೆ ಹೋಗುತ್ತದೆ, ಜೊತೆಗೆ ಉಪ್ಪುನೀರೂ ಹೋಗುತ್ತದೆ. ಆ ಜಾಗಕ್ಕೆ ಸಿಹಿನೀರು ತುಂಬುತ್ತಾ ಹೋದರೆ ವಾರಗಳಲ್ಲಿ ಉಪ್ಪಿನಂಶ ಇಳಿಯುತ್ತದೆ. 75 ಲೀಟರಿನಲ್ಲಿ ಇದು ಬೇಗ ಕಾಣುತ್ತದೆ. ಎರಡರ ನಡುವೆ ಇಡಿ, ವಾರಕ್ಕೊಮ್ಮೆ ಉಪ್ಪಿನಂಶ ಅಳೆದು, ಸ್ಪೆಸಿಫಿಕ್ ಗ್ರಾವಿಟಿ (ಸಿಹಿನೀರಿಗೆ ಹೋಲಿಸಿದ ಸಾಂದ್ರತೆ) 1.025ರ ಸುತ್ತ ಉಳಿಸಿಕೊಳ್ಳಿ. ಸ್ಕಿಮ್ಮರ್ ಬಂದ ಮೇಲೆ ಎರಡು ತಿಂಗಳು ನೈಟ್ರೇಟ್ ಕೂಡ ಅಳೆಯಿರಿ. ಮೆತ್ತನೆಯ ಹವಳಕ್ಕೆ ಲೀಟರಿಗೆ 5ರಿಂದ 10 ಮಿಲಿಗ್ರಾಂ ಇದ್ದರೆ ಚೆನ್ನ. ತೀರಾ ಇಳಿಯುತ್ತಿದ್ದರೆ ಸ್ಕಿಮ್ಮರನ್ನು ರಾತ್ರಿ ಮಾತ್ರ ಓಡಿಸಿ. ಆಮ್ಲಜನಕ ಬೇಕಾದ ಹೊತ್ತು ಅದೇ.

ಕರೆಂಟ್ ಹೋದಾಗ

ಬೇರೆ ದೇಶದ ಮಾರ್ಗದರ್ಶಿಗಳಲ್ಲಿ ಇದಕ್ಕೆ ಹೆಚ್ಚು ಜಾಗ ಇರುವುದಿಲ್ಲ. ನಮಗೆ ಇದು ದಿನದ ಮಾತು. ಸಂಪ್ ಇರುವ ಟ್ಯಾಂಕಿನಲ್ಲಿ ಕರೆಂಟ್ ಹೋದ ಕೂಡಲೇ ಮೇಲಿನ ನೀರು ಒಂದಷ್ಟು ಕೆಳಗೆ ಇಳಿದು ಸಂಪಿನ ಮಟ್ಟ ಏರುತ್ತದೆ. ಕರೆಂಟ್ ಬಂದಾಗ ಸ್ಕಿಮ್ಮರ್ ಆ ಹೆಚ್ಚಿದ ಆಳದಲ್ಲೇ ಶುರುವಾಗುತ್ತದೆ. ಆಗ ಬಟ್ಟಲು ಒಮ್ಮೆಗೇ ಉಕ್ಕಿ, ವಾರದ ಕೊಳೆಯೆಲ್ಲ ಮತ್ತೆ ನೀರಿಗೆ ಬೀಳಬಹುದು. ನಮ್ಮ ಮನೆಯಲ್ಲಿ ಒಂದು ಮಳೆಯ ಸಂಜೆ ಹೀಗಾಗಿ, ಬೆಳಗಾಗುವಷ್ಟರಲ್ಲಿ ಜೋಆಂಥಿಡ್‌ಗಳೆಲ್ಲ ಮುಚ್ಚಿಕೊಂಡಿದ್ದವು. ಆಮೇಲೆ ಸ್ಕಿಮ್ಮರ್‌ಗೆ ಬೇರೆ ಟೈಮರ್ ಹಾಕಿದೆ. ಕರೆಂಟ್ ಬಂದು ಐದು ನಿಮಿಷ ಕಳೆದ ಮೇಲೆ ಅದು ಶುರುವಾಗುತ್ತದೆ.

ಮರದ ಏರ್ ಸ್ಟೋನ್ ಬಗೆಯವರು ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಗಾಳಿ ಪೈಪಿನಲ್ಲಿ ಒಂದು ಚೆಕ್ ವಾಲ್ವ್ (ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಹಾಕಬೇಕು. ಕರೆಂಟ್ ಹೋದರೆ ನೀರು ಆ ಪೈಪಿನಲ್ಲೇ ಹಿಂದಕ್ಕೆ ಬಂದು ಪಂಪಿಗೆ, ಅಲ್ಲಿಂದ ಪ್ಲಗ್ಗಿಗೆ ಹರಿಯಬಹುದು. ಹ್ಯಾಂಗ್ ಆನ್ ಇಟ್ಟವರು ಮೊದಲ ವಾರದಲ್ಲೇ ಸ್ವಿಚ್ ಆರಿಸಿ, ಹತ್ತು ನಿಮಿಷ ಬಿಟ್ಟು, ಮತ್ತೆ ಹಾಕಿ ನೋಡಿ. ಹತ್ತು ಸಲ ಮಾಡಿ. ಪ್ರತಿ ಸಲವೂ ತಾನಾಗಿ ಶುರುವಾಗಿ, ಹನಿ ನೀರೂ ಹೊರಗೆ ಬೀಳದಿದ್ದರೆ ಮಾತ್ರ ಅದನ್ನು ನಂಬಿ ಊರಿಗೆ ಹೋಗಬಹುದು. ಯಾವ ಬಗೆಯದೇ ಆದರೂ ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿಬಿಟ್ಟು ಮೇಲೆ ತನ್ನಿ. ಜಾರಿಬಂದ ಹನಿ ಪ್ಲಗ್ಗಿಗೆ ಹೋಗದೆ ಕೆಳಗೆ ಬೀಳುತ್ತದೆ.

ನೊರೆ ಕೈಕೊಟ್ಟಾಗ

ಇದ್ದಕ್ಕಿದ್ದಂತೆ ನೊರೆ ನಿಂತರೆ ಮೊದಲು ನಿಮ್ಮ ಕೈ ನೆನಪು ಮಾಡಿಕೊಳ್ಳಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯನ್ನು ಟ್ಯಾಂಕಿಗೆ ಹಾಕಿದ್ದರೆ ಕೆಲವು ಗಂಟೆ ನೊರೆ ಏಳುವುದಿಲ್ಲ. ಎಣ್ಣೆಯಂಶದ ಮೀನಿನ ಆಹಾರವೂ ಹೀಗೇ ಮಾಡುತ್ತದೆ. ಸುಮ್ನೆ ಬಿಡಿ, ತಾನಾಗಿ ಸರಿಹೋಗುತ್ತದೆ. ಎರಡನೆಯದು ಗಾಳಿ ಪೈಪ್. ಅದರ ಬಾಯಿಯಲ್ಲಿ ಉಪ್ಪಿನ ಹರಳು ಕಟ್ಟಿರುತ್ತದೆ. ತಿಂಗಳಿಗೊಮ್ಮೆ ಪಂಪ್ ಓಡುತ್ತಿರುವಾಗಲೇ ಪೈಪಿನ ತುದಿಯನ್ನು ಒಂದು ಲೋಟ ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿದರೆ ಕರಗಿಹೋಗುತ್ತದೆ.

ನಿಲ್ಲದೆ ಉಕ್ಕುತ್ತಿದ್ದರೆ ನೀರಿಗೆ ಹೊಸದಾಗಿ ಏನು ಹಾಕಿದಿರಿ ಎಂದು ಯೋಚಿಸಿ. ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ, ಕಲ್ಲು ಅಂಟಿಸುವ ಎಪಾಕ್ಸಿ, ಕೆಲವು ಔಷಧಿಗಳು ಇದಕ್ಕೆ ಕಾರಣ. ಬಟ್ಟಲು ತೆಗೆದಿಟ್ಟು, ಒಂದೆರಡು ದಿನ ನೀರು ಬದಲಿಸಿ, ಮತ್ತೆ ಹಾಕಿ.

ಗಾಳಿ ಪೈಪಿನ ತುದಿ ಎಲ್ಲಿದೆ ಎಂಬುದನ್ನು ಗಮನಿಸುವವರು ಕಡಿಮೆ. ಸಣ್ಣ ಸ್ಕಿಮ್ಮರ್ ಕೂಡ ದಿನವಿಡೀ ನಿಮ್ಮ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬೆರೆಸುತ್ತಿರುತ್ತದೆ. ಊದುಬತ್ತಿ, ಒಗ್ಗರಣೆಯ ಹೊಗೆ, ಹೊಸ ಬಣ್ಣದ ವಾಸನೆ ಎಲ್ಲವೂ ಅದರೊಂದಿಗೆ ಹೋಗುತ್ತವೆ. ಸೊಳ್ಳೆ ಬತ್ತಿ ಮತ್ತು ಜಿರಲೆ ಸ್ಪ್ರೇಗಳಲ್ಲಿ ಬಳಸುವ ಪೈರೆಥ್ರಾಯ್ಡ್ ರಾಸಾಯನಿಕಗಳು ಸಿಗಡಿಗೂ ಮೀನಿಗೂ ಬಹಳ ಅಪಾಯ. ಪೈಪನ್ನು ಉದ್ದ ಮಾಡಿ ಕಿಟಕಿಯ ಹತ್ತಿರ ಬಿಡಿ. ಮುಚ್ಚಿದ ಕೋಣೆಯಲ್ಲಿ ಜನ ಮಲಗಿದಾಗ ಇಂಗಾಲದ ಡೈಆಕ್ಸೈಡ್ ಏರಿ ನೀರಿನ ಪಿಎಚ್ ಇಳಿಯುತ್ತದೆ, ಹೊರಗಿನ ಗಾಳಿ ಬಂದರೆ ಅದೂ ಸುಧಾರಿಸುತ್ತದೆ.

ಬಟ್ಟಲು ಮತ್ತು ಕುತ್ತಿಗೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಒರೆಸಿ. ಕುತ್ತಿಗೆಯಲ್ಲಿ ಕಂದು ಪದರ ಕಟ್ಟಿದರೆ ನೊರೆ ಜಾರಿ ಮೇಲೆ ಹೋಗುವುದಿಲ್ಲ, ಅಲ್ಲೇ ಒಡೆಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪಂಪ್ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ. ಚಕ್ರದ ಸುತ್ತ ಕಟ್ಟಿದ ಸುಣ್ಣ ಬುರುಬುರು ಎನ್ನುತ್ತಾ ಕರಗುವುದು ಕಾಣುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ತೊಳೆದು, ಮತ್ತೆ ಕೂರಿಸಿ. ಆ ರಾತ್ರಿ ನೊರೆ ಸ್ವಲ್ಪ ಹೆಚ್ಚಾಗಿಯೇ ಏರುತ್ತದೆ. ಮಲಗುವ ಮೊದಲು ತಿರುಪನ್ನು ಒಂದು ಕೂದಲೆಳೆ ಇಳಿಸಿಡಿ.